ಬೀಸುಬಲೆಯ ಸೀಸಕ್ಕೆ ಮೇಣ: ನನ್ನ ಅನುಭವ

ನಮ್ಮ ಮನೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಯ ದಡಕ್ಕೆ ಹತ್ತಿರ. ಮೀನು ಹಿಡಿಯೋದು ನನ್ನ ಕಸುಬಲ್ಲ. ಆದರೂ ಬೀಸುಬಲೆ ಚಿಕ್ಕಂದಿನಿಂದ ಕೈಬಿಟ್ಟಿಲ್ಲ. ಮೂರು ವರ್ಷದ ಹಿಂದೆ ಬಲೆಯ ಅಂಚಿನ ಸೀಸದ ಗುಂಡುಗಳು ಒಂದೊಂದೇ ಉದುರತೊಡಗಿದವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಇಪ್ಪತ್ತಮೂರು ಹೋಗಿದ್ದವು. ಅಂಚು ಹಗುರಾದರೆ ಬಲೆ ತಳಕ್ಕೆ ಸರಿಯಾಗಿ ಕೂರೋದಿಲ್ಲ. ನೋಗಲಿ ಮೀನು ಅಡಿಯಿಂದ ನುಸುಳಿ ಹೋಗುತ್ತದೆ.

ಮೀನು ತಪ್ಪಿದ್ದಕ್ಕಿಂತ ಆ ಸೀಸ ಎಲ್ಲಿ ಬಿತ್ತು ಅನ್ನೋದೇ ನನ್ನನ್ನು ಜಾಸ್ತಿ ಕಾಡಿತು. ಸೀಸ ವಿಷ. ನಮ್ಮ ಅಳಿವೆಯ ಕೆಸರಿನಲ್ಲಿ ಇಳಿತದ ಹೊತ್ತಿಗೆ ಹೆಂಗಸರು ತಿನ್ನುವ ಚಿಪ್ಪು, ಅಂದರೆ ಬಳಚು, ಹೆಕ್ಕುತ್ತಾರೆ. 2024ರಲ್ಲಿ ಇದೇ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ನಾನು ಸೀಸ ಬಿತ್ತುತ್ತಾ ಹೋಗೋದು ಸರಿಯಲ್ಲ ಅನಿಸಿತು.

ಉಳಿದ ಗುಂಡುಗಳನ್ನು ಬಿಚ್ಚಿ ನೋಡಿದೆ. ತೂತಿನ ಬಾಯಿ ಒರಟಾಗಿತ್ತು, ಅಂಚು ಬ್ಲೇಡಿನ ಹಾಗೆ ಎದ್ದಿತ್ತು. ಪ್ರತಿ ಸಲ ಬಲೆ ಎಳೆಯುವಾಗ ನೈಲಾನ್ ಹಗ್ಗ ಅದರೊಳಗೆ ಆಚೆ ಈಚೆ ಸರಿದು ಸವೆಯುತ್ತಿತ್ತು. ಅಂಕೋಲೆಯ ಮಾವನಿಗೆ ತೋರಿಸಿದೆ. "ತಮಾ, ಗುಂಡು ಹೊಸದಾಗಿ ಎರಕ ಹೊಯ್ಯಿ. ಹಗ್ಗಕ್ಕೆ ಮೇಣ ಎಳಿ. ಒಣ ಹಗ್ಗ ಯಾವತ್ತೂ ಬಾಳೋದಿಲ್ಲ" ಅಂದರು.

ಎರಕಕ್ಕೆ ವರ್ಕ್‌ಶಾಪಿನಲ್ಲಿ ಎರಡು ಹೋಳಿನ ಕಬ್ಬಿಣದ ಅಚ್ಚು ಮಾಡಿಸಿದೆ. ತೂತಿಗೆ ಮೂರು ಮಿಲಿಮೀಟರಿನ ಸ್ಟೀಲ್ ಕಡ್ಡಿ. ಹಳೇ ಗುಂಡುಗಳ ಜೊತೆಗೆ ಗುಜರಿಯಿಂದ ಸ್ವಲ್ಪ ಸೀಸದ ಹಾಳೆ ತಂದೆ. ಬ್ಯಾಟರಿಯ ಸೀಸ ಅಗ್ಗಕ್ಕೆ ಸಿಗುತ್ತಿತ್ತು, ಮುಟ್ಟಲಿಲ್ಲ. ಅದರಲ್ಲಿ ಆಸಿಡ್ ಇರುತ್ತದೆ, ಬೇರೆ ಲೋಹಗಳೂ ಬೆರೆತಿರುತ್ತವೆ, ಕರಗಿಸುವಾಗ ಬರುವ ಹೊಗೆ ಕೆಟ್ಟದ್ದು.

ಮೊದಲ ದಿನವೇ ತಪ್ಪು ಮಾಡಿದೆ. ಸೀಸ 327 ಡಿಗ್ರಿಗೆ ಕರಗುತ್ತದೆ. ಕರಗಿದ ಸೀಸಕ್ಕೆ ಹಳೇ ಗುಂಡೊಂದನ್ನು ಹಾಕಿಬಿಟ್ಟೆ. ಅದರ ತೂತಿನಲ್ಲಿ ಹೊಳೆನೀರು ಉಳಿದಿತ್ತು. ಆ ನೀರು ಒಂದೇ ಕ್ಷಣದಲ್ಲಿ ಆವಿಯಾಗಿ ಸೀಸವನ್ನು ಮೇಲಕ್ಕೆ ಚಿಮ್ಮಿಸಿತು. ಮೊಣಕೈ ಹತ್ತಿರ ಸುಟ್ಟ ಕಲೆ ಈಗಲೂ ಇದೆ. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ಆಮೇಲಿಂದ ಸೀಸವನ್ನೆಲ್ಲ ಬಿಸಿಲಿಗೆ ಒಣಗಿಸಿ, ಪಾತ್ರೆ ತಣ್ಣಗಿರುವಾಗಲೇ ತುಂಬಿ, ಎಲ್ಲವನ್ನೂ ಒಟ್ಟಿಗೆ ಕಾಯಿಸುತ್ತೇನೆ. ನಮ್ಮ ಮಳೆಗಾಲದ ಹವೆಯಲ್ಲಿ ಈ ಕೆಲಸ ಬೇಡವೇ ಬೇಡ. ಪಾತ್ರೆ, ಸೌಟು ಇದಕ್ಕೇ ಬೇರೆ, ಅಡುಗೆಮನೆಗೆ ಅವು ಮತ್ತೆ ಹೋಗಬಾರದು. ಒಲೆ ಹಿತ್ತಲಲ್ಲಿ, ಗಾಳಿಗೆ ಬೆನ್ನು ಮಾಡಿ ಕೂರಬೇಕು. ಮಕ್ಕಳು ಹತ್ತಿರ ಬರಬಾರದು.

ಸೀಸ ಕರಗಿದಾಗ ಮೇಲೆ ಬೂದು ಬಣ್ಣದ ಕೆನೆ ಕಟ್ಟುತ್ತದೆ. ಅದನ್ನು ಸುಮ್ನೆ ತೆಗೆದು ಎಸೆದರೆ ಒಳ್ಳೇ ಸೀಸವೂ ಹೋಗುತ್ತದೆ. ಕಡಲೆಕಾಳಿನಷ್ಟು ಮೇಣದಬತ್ತಿಯ ಚೂರು ಹಾಕಿ ಒಣಗಿದ ಕೋಲಿನಿಂದ ಕಲಕಿದೆ. ಹೊಗೆ ಎದ್ದು ಭಗ್ಗನೆ ಉರಿಯಿತು. ಕೆನೆಯ ಬಹುಪಾಲು ಮತ್ತೆ ಸೀಸವಾಗಿ ಕೂಡಿಕೊಂಡಿತು, ಮೇಲೆ ಕರಿ ಪುಡಿಯಷ್ಟೇ ಉಳಿಯಿತು. ಕೆಳಗೆ ಸೀಸ ಕನ್ನಡಿಯಂತೆ ಹೊಳೆಯುತ್ತಿತ್ತು.

ಇದು ನೋಡಿ ಅಚ್ಚಿನೊಳಗೂ ಮೇಣ ಸವರಿದರೆ ಗುಂಡು ಸಲೀಸಾಗಿ ಬಿಟ್ಟುಕೊಳ್ಳುತ್ತದೆ ಅಂದುಕೊಂಡೆ. ಆಗಲಿಲ್ಲ. ಬಿಸಿ ತಾಗಿದ ಕೂಡಲೇ ಮೇಣ ಹೊಗೆಯಾಗಿ ಗುಂಡಿನ ತುಂಬ ಗುಳಿ ಬಿತ್ತು. ಅಚ್ಚಿಗೆ ಬೇಕಾದದ್ದು ಮಸಿ. ಅಚ್ಚನ್ನೂ ಕಡ್ಡಿಯನ್ನೂ ಮೇಣದಬತ್ತಿಯ ಉರಿಗೆ ಹಿಡಿದು ತೆಳ್ಳಗೆ ಮಸಿ ಹಿಡಿಸಿದೆ, ಗುಂಡು ತಟ್ಟಿದರೆ ಉದುರತೊಡಗಿತು. ಅಚ್ಚು ಕಾಯುವ ತನಕ ಮೊದಲ ಐದಾರು ಗುಂಡು ಸುಕ್ಕಾಗಿ ಬರುತ್ತವೆ, ಅವನ್ನು ತಿರುಗಿ ಪಾತ್ರೆಗೆ ಹಾಕಿದರಾಯಿತು. ತಣಿದ ಮೇಲೆ ತೂತಿನ ಎರಡೂ ಬಾಯಿಯನ್ನು ದಪ್ಪ ಡ್ರಿಲ್ ಬಿಟ್ ಕೈಯಲ್ಲೇ ತಿರುವಿ ಅಗಲ ಮಾಡಿದೆ. ಬೇಜಾರಿನ ಕೆಲಸ, ಆದರೆ ಹಗ್ಗ ಉಳಿಯೋದು ಇದರಿಂದಲೇ. ಸೀಸದ ಪುಡಿ ಗಾಳಿಗೆ ಹಾರದ ಹಾಗೆ ಒದ್ದೆ ಕಾಗದದ ಮೇಲೆ ಬೀಳಿಸಿಕೊಂಡೆ.

ಇನ್ನು ಹಗ್ಗದ ಮೇಣ. ಮನೆಯಲ್ಲಿದ್ದ ಮೇಣದಬತ್ತಿಯನ್ನೇ ಉಜ್ಜಿ ನೋಡಿದೆ. ಎರಡು ಬೀಸಿಗೇ ಬಿಳಿ ಹುಡಿಯಾಗಿ ಉದುರಿತು. ಆ ಮೇಣ ಬಾಗಿದರೆ ಒಡೆಯುತ್ತದೆ, ಹಗ್ಗಕ್ಕೆ ಕಚ್ಚಿಕೊಳ್ಳೋದಿಲ್ಲ. ಶಿರಸಿ ಕಡೆಯ ನೆಂಟರು ತುಡುವೆ ಜೇನಿನ ಎರಿ ಕರಗಿಸಿದ ಮೇಣ ಕೊಟ್ಟರು. ಅದು ಚೆನ್ನಾಗಿ ಅಂಟಿತು, ಆದರೆ ಬರೀ ಜೇನುಮೇಣ ಗಟ್ಟಿ, ಎಳೆಗಳ ಒಳಗೆ ಇಳಿಯಲಿಲ್ಲ. ಕೊನೆಗೆ ಎರಡೂ ಬೆರೆಸಿದೆ: 100 ಗ್ರಾಂ ಜೇನುಮೇಣ, 50 ಗ್ರಾಂ ಮೇಣದಬತ್ತಿ, ಒಂದು ಚಮಚ ಕೊಬ್ಬರಿ ಎಣ್ಣೆ. ಎರಡು ಚಮಚ ಎಣ್ಣೆ ಹಾಕಿದ್ದು ಮೇ ತಿಂಗಳ ಸೆಕೆಗೆ ಅಂಟಂಟಾಗಿ ಮರಳು ಹಿಡಿಯಿತು. ಮರಳು ಕೂತ ಹಗ್ಗವೆಂದರೆ ಅರವೇ ಅಲ್ವಾ, ಹಗ್ಗ ಇನ್ನೂ ಬೇಗ ಸವೆಯಿತು.

ಮೇಣವನ್ನು ನೇರ ಉರಿಗೆ ಇಡಬಾರದು, ಹೊತ್ತಿಕೊಳ್ಳುತ್ತದೆ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಡಬ್ಬಿ ಇಟ್ಟು ಕರಗಿಸಿದೆ. ಹಗ್ಗ ಅದ್ದಿ, ಹಳೇ ಪಂಚೆಯ ಚೂರಿನಲ್ಲಿ ಹಿಡಿದು ಎಳೆದೆ. ಗುಂಡುಗಳನ್ನೂ ಒಮ್ಮೆ ಅದ್ದಿ ತೆಗೆದೆ. ಮೊದಲು ಬಲೆ ಮಡಿಚಿದರೆ ಅಂಗೈ ಕಪ್ಪಾಗುತ್ತಿತ್ತು, ಆಯಿ ಬೈಯುತ್ತಿದ್ದಳು. ಈಗ ಅಷ್ಟು ಮಸಿಯಾಗೋದಿಲ್ಲ. ಮೇಣ ಹಚ್ಚಿದ್ದರಿಂದ ಸೀಸದ ವಿಷ ಹೋಗೋದಿಲ್ಲ, ಹಾಗಾಗಿ ಬಲೆ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂರೋದಿಲ್ಲ.

ತಿಂಗಳಿಗೊಮ್ಮೆ ಅದೇ ಮೇಣದ ಗಟ್ಟಿಯನ್ನು ಹಗ್ಗದ ಮೇಲೆ ಉಜ್ಜುತ್ತೇನೆ. ಹೋದ ವರ್ಷವಿಡೀ ಕಳೆದ ಗುಂಡು ನಾಲ್ಕು. ನಾಲ್ಕೂ ಬಲೆ ಬಂಡೆಗೆ ಸಿಕ್ಕಿ ಹಗ್ಗವೇ ಹರಿದಾಗ ಹೋದವು. ಮರುದಿನ ಇಳಿತದಲ್ಲಿ ಹೋಗಿ ಹುಡುಕಿದೆ, ಮೂರು ಸಿಕ್ಕವು.