ಎರಡನೆಯ ಸಲ ಕ್ರೂಸ್ ಹತ್ತುವವರು ಹಡಗಿನ ಕಾಕ್‌ಟೇಲ್ ಕೂಟ ಮತ್ತು ಸೌಲಭ್ಯಗಳನ್ನು ಪಡೆಯುವುದು ಹೇಗೆ?

ಹಡಗು ಬಂದರು ಬಿಟ್ಟ ಮರುದಿನವೋ ಅದರಾಚೆಯ ದಿನವೋ, ಕೋಣೆಯ ಬಾಗಿಲ ಪಕ್ಕಕ್ಕೆ ಸಿಕ್ಕಿಸಿದ ಅಂಗೈ ಅಗಲದ ಒಂದು ದಪ್ಪ ಕಾರ್ಡು ಕಾಣುತ್ತದೆ. ಹಿಂದೆ ಇದೇ ಕಂಪನಿಯ ಹಡಗಿನಲ್ಲಿ ಪ್ರಯಾಣ ಮಾಡಿದವರನ್ನು ಕ್ಯಾಪ್ಟನ್ ಮತ್ತು ಹಿರಿಯ ಅಧಿಕಾರಿಗಳು ಸಂಜೆಯ ಕಾಕ್‌ಟೇಲ್ ಕೂಟಕ್ಕೆ ಕರೆಯುವ ಆಹ್ವಾನ ಪತ್ರಿಕೆ ಅದು. ಈಚೆಗೆ ಕಾರ್ಡಿನ ಬದಲು ಮೊಬೈಲಿನ ಆ್ಯಪ್‌ನಲ್ಲೇ ಬರುವುದೂ ಉಂಟು. ಮಕ್ಕಳು ಸಿಂಗಪುರದಲ್ಲೋ ಅಮೆರಿಕದಲ್ಲೋ ಇರುವ ಎಷ್ಟೋ ಮನೆಗಳು ಇಂದು ತುಮಕೂರಿನಲ್ಲಿವೆ. ಮಗನೋ ಮಗಳೋ ಟಿಕೆಟ್ ಮಾಡಿಸಿ ಅಪ್ಪ ಅಮ್ಮನನ್ನು ಹಡಗು ಹತ್ತಿಸಿದ ಸುದ್ದಿ ಎಸ್.ಎಸ್. ಪುರಂನ ನಮ್ಮ ಬೀದಿಯಲ್ಲಿ ಈಗ ಅಪರೂಪವಲ್ಲ. ಆದರೆ ಎರಡನೆಯ, ಮೂರನೆಯ ಸಲ ಹೋದವರಲ್ಲೂ ಹಲವರಿಗೆ ಈ ಕಾರ್ಡು ಬಂದೇ ಇಲ್ಲ. ಬಂದವರಲ್ಲಿ ಕೆಲವರು ಕಾಕ್‌ಟೇಲ್ ಎಂಬ ಮಾತು ಕಂಡೊಡನೆ ‘ಇದು ನಮ್ಮಂಥವರಿಗಲ್ಲ’ ಎಂದು ಪಕ್ಕಕ್ಕಿಟ್ಟಿದ್ದಾರೆ. ನಮ್ಮ ಪಾಲಿಗೆ ಬಂದದ್ದನ್ನು ಹೀಗೆ ಬಿಟ್ಟುಕೊಡಬಾರದೆಂಬುದು ನನ್ನ ಕಾಳಜಿ. ಆದ್ದರಿಂದ ಮೊದಲ ಪ್ರಯಾಣದಿಂದಲೇ ಏನೇನು ಮಾಡಬೇಕೆಂಬುದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಮಾಡಬೇಕಾದದ್ದು ಸದಸ್ಯತ್ವ. ಹೆಚ್ಚುಕಡಿಮೆ ಎಲ್ಲ ದೊಡ್ಡ ಕ್ರೂಸ್ ಕಂಪನಿಗಳೂ ಮರಳಿ ಬರುವ ಪ್ರಯಾಣಿಕರಿಗಾಗಿ ಒಂದು ಕ್ಲಬ್ ನಡೆಸುತ್ತವೆ. ರಾಯಲ್ ಕೆರಿಬಿಯನ್‌ನವರದು ಕ್ರೌನ್ ಅಂಡ್ ಆ್ಯಂಕರ್ ಸೊಸೈಟಿ, ಪ್ರಿನ್ಸೆಸ್‌ನವರದು ಕ್ಯಾಪ್ಟನ್ಸ್ ಸರ್ಕಲ್, ಹಾಲೆಂಡ್ ಅಮೆರಿಕದವರದು ಮ್ಯಾರಿನರ್ ಸೊಸೈಟಿ, ಎಂಎಸ್‌ಸಿಯವರದು ವಾಯೇಜರ್ಸ್ ಕ್ಲಬ್, ಸೆಲೆಬ್ರಿಟಿಯವರದು ಕ್ಯಾಪ್ಟನ್ಸ್ ಕ್ಲಬ್. ಇವಕ್ಕೆ ಶುಲ್ಕವಿಲ್ಲ. ಕೆಲವು ಕಂಪನಿಗಳು ಮೊದಲ ಪ್ರಯಾಣ ಮುಗಿದೊಡನೆ ತಾವೇ ಸದಸ್ಯತ್ವ ಸಂಖ್ಯೆ ಕೊಡುತ್ತವೆ, ಕೆಲವು ಕಡೆ ನಾವೇ ವೆಬ್‌ಸೈಟಿನಲ್ಲಿ ನೋಂದಾಯಿಸಿಕೊಳ್ಳಬೇಕು. ಟೂರ್ ಏಜೆಂಟರು ಇದನ್ನು ಮಾಡಿಸಿರುತ್ತಾರೆಂದು ನಂಬಿ ಕೂರಬಾರದು. ಗುಂಪಿನಲ್ಲಿ ನಲವತ್ತು ಜನರ ಟಿಕೆಟ್ ಮಾಡಿಸುವವರು ಒಬ್ಬೊಬ್ಬರ ಇ-ಮೇಲ್ ವಿಳಾಸ ಹಾಕುವ ಬದಲು ತಮ್ಮದನ್ನೇ ಎಲ್ಲರಿಗೂ ಹಾಕಿಬಿಡುವುದುಂಟು; ಆಗ ಕಂಪನಿ ಕಳಿಸುವ ಪತ್ರಗಳೆಲ್ಲ ಅವರ ಕಚೇರಿಗೆ ಹೋಗುತ್ತವೆ, ನಮಗೆ ಮುಟ್ಟುವುದಿಲ್ಲ. ಟಿಕೆಟ್ ಮಾಡಿಸುವಾಗಲೇ ನಿಮ್ಮ ಸ್ವಂತ ಇ-ಮೇಲ್, ಸ್ವಂತ ಮೊಬೈಲ್ ಸಂಖ್ಯೆ ಹಾಕಿರೆಂದು ಒತ್ತಿ ಹೇಳಬೇಕು.

ಹೆಸರಿನ ತೊಡಕು

ನಮ್ಮ ಕಡೆಯವರು ಎಲ್ಲಕ್ಕಿಂತ ಹೆಚ್ಚು ಎಡವುವುದು ಹೆಸರಿನಲ್ಲಿ. ನಮ್ಮಲ್ಲಿ ಮನೆತನದ ಹೆಸರಿಗಿಂತ ಇನಿಷಿಯಲ್ ಬಳಕೆಯೇ ಹೆಚ್ಚು. ನಮ್ಮ ಯಜಮಾನರದು ಟಿ. ಎನ್. ಎಂದು ಶುರುವಾಗುವ ಹೆಸರು. ಟಿ ಎಂದರೆ ತುರುವೇಕೆರೆ, ಎನ್ ಎಂದರೆ ನಮ್ಮ ಮಾವನವರ ಹೆಸರು. ಪಾಸ್‌ಪೋರ್ಟಿನಲ್ಲಿ ಇವೆರಡೂ ಬಿಡಿಸಿ ಬರೆದು ಸರ್‌ನೇಮ್ ಜಾಗದಲ್ಲಿ ಕೂತಿವೆ, ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ ಇದೆ. ನಮ್ಮ ಮೊದಲ ಕ್ರೂಸ್‌ಗೆ ಮುಂಗಡ ಕಾಯ್ದಿರಿಸುವ ಹೊತ್ತಿಗೆ ಅವರ ಹೊಸ ಪಾಸ್‌ಪೋರ್ಟ್ ಇನ್ನೂ ಕೈಗೆ ಬಂದಿರಲಿಲ್ಲವಾದ್ದರಿಂದ ಏಜೆಂಟರು ಆಧಾರ್ ನೋಡಿ ಹೆಸರು ಹಾಕಿದರು, ಎರಡನೆಯದಕ್ಕೆ ನಮ್ಮ ಮಗಳು ಪಾಸ್‌ಪೋರ್ಟ್ ನೋಡಿ ಹಾಕಿದಳು. ಕಂಪನಿಯ ಕಂಪ್ಯೂಟರಿಗೆ ಯಜಮಾನರೊಬ್ಬರೇ ಇಬ್ಬರು ಬೇರೆ ಬೇರೆ ಮನುಷ್ಯರಾದರು. ಪರಿಣಾಮವಾಗಿ ಎರಡನೆಯ ಪ್ರಯಾಣದಲ್ಲಿ ಕೋಣೆಯ ಬಾಗಿಲಿಗೆ ಬಂದ ಕಾರ್ಡಿನ ಮೇಲೆ ನನ್ನ ಹೆಸರೊಂದೇ ಇತ್ತು.

ಅದನ್ನು ಸರಿಪಡಿಸಿಕೊಂಡ ಬಗೆ ಇತರರಿಗೂ ಉಪಯೋಗಕ್ಕೆ ಬಂದೀತು. ಹಡಗಿನಲ್ಲಿ ಅತಿಥಿ ಸೇವೆಯ ಕೌಂಟರ್ ಬೇರೆ, ಹಳೆಯ ಪ್ರಯಾಣಿಕರ ವಿಚಾರ ನೋಡಿಕೊಳ್ಳುವವರ ಮೇಜು ಬೇರೆ. ಎರಡನೆಯದಕ್ಕೇ ಹೋಗಬೇಕು. ಅಲ್ಲಿದ್ದ ಹುಡುಗಿ ಕೇಳಿದ್ದು ಹಿಂದಿನ ಪ್ರಯಾಣದ ಬುಕಿಂಗ್ ಸಂಖ್ಯೆಯೊಂದನ್ನೇ. ನಮ್ಮಲ್ಲಿ ಅದರ ಕಾಗದ ಪತ್ರ ಯಾವುದೂ ಇರಲಿಲ್ಲ. ಕೋಣೆಗೆ ಹಿಂದಿರುಗಿ ಸೂಟ್‌ಕೇಸನ್ನು ತಡಕಾಡಿದಾಗ ಅದರ ಪಕ್ಕದ ಜೇಬಿನಲ್ಲಿ, ಹಳೆಯ ಪ್ರಯಾಣದಲ್ಲಿ ಹಿಡಿಗೆ ಸುತ್ತಿ ಸ್ಟೇಪಲ್ ಹೊಡೆದಿದ್ದ ಲಗೇಜ್ ಚೀಟಿ ಮುದುಡಿಕೊಂಡಿತ್ತು. ಹೆಸರು, ಡೆಕ್ಕು, ಕೋಣೆ ಸಂಖ್ಯೆ, ಹಡಗು ಹೊರಟ ತಾರೀಕು ಎಲ್ಲವೂ ಅದರ ಮೇಲೆ ಅಚ್ಚಾಗಿದ್ದವು. ಅಷ್ಟರಿಂದಲೇ ಆಕೆ ಹಳೆಯ ಬುಕಿಂಗ್ ಹುಡುಕಿ, ಎರಡು ಖಾತೆಗಳನ್ನು ಒಂದು ಮಾಡಲು ದಡದ ಕಚೇರಿಗೆ ಬರೆದು, ಕೂಟಕ್ಕೆ ಯಜಮಾನರ ಹೆಸರನ್ನೂ ಸೇರಿಸಿಕೊಟ್ಟಳು. ಅಂದಿನಿಂದ ಪ್ರತಿ ಪ್ರಯಾಣದ ಬುಕಿಂಗ್ ಸಂಖ್ಯೆ, ಹಡಗಿನ ಹೆಸರು, ಹೊರಟ ದಿನ, ಇಳಿದ ದಿನ ಇವಿಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಹೆಸರನ್ನಂತೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ, ಪ್ರತಿ ಸಲವೂ ಬರೆಸಬೇಕು. ಸರ್‌ನೇಮ್ ಕಾಲಂ ಖಾಲಿ ಇರುವ ಪಾಸ್‌ಪೋರ್ಟ್ ಉಳ್ಳವರು ಮೊದಲ ಸಲ ಯಾವ ರೀತಿಯಲ್ಲಿ ಬರೆಸಿದರೋ ಅದನ್ನೇ ಮುಂದೆಯೂ ಹಿಡಿಯಬೇಕು.

ಮುಂದಿನದು, ಸದಸ್ಯತ್ವ ಸಂಖ್ಯೆಯನ್ನು ಹೊಸ ಬುಕಿಂಗ್‌ಗೆ ಜೋಡಿಸುವುದು. ಹಡಗು ಹತ್ತುವ ಮೊದಲೇ ಇದನ್ನು ಮಾಡಬೇಕು. ಆನ್‌ಲೈನ್ ಚೆಕ್-ಇನ್ ಮಾಡುವಾಗ ನಿಮ್ಮ ಹೆಸರಿನ ಎದುರು ಸಂಖ್ಯೆಯೂ, ಹಿಂದಿನ ಪ್ರಯಾಣಗಳ ಲೆಕ್ಕದ ಮೇಲೆ ಕ್ಲಬ್ ಕೊಡುವ ಶ್ರೇಣಿಯೂ ಕಾಣಿಸುತ್ತಿದ್ದರೆ ಸರಿಯಾಗಿದೆಯೆಂದು ಅರ್ಥ. ಕಾಣದಿದ್ದರೆ ಅಂದೇ ಏಜೆಂಟರಿಗೆ ಫೋನ್ ಮಾಡಿ ಹಾಕಿಸಬೇಕು.

ಅಂಕಗಳ ಲೆಕ್ಕ

ಶ್ರೇಣಿ ಕೊಡಲು ಹೆಚ್ಚಿನ ಕಂಪನಿಗಳು ಸಮುದ್ರದಲ್ಲಿ ಕಳೆದ ರಾತ್ರಿಗಳನ್ನೋ ದಿನಗಳನ್ನೋ ಎಣಿಸುತ್ತವೆ. ರಾಯಲ್ ಕೆರಿಬಿಯನ್ ಲೆಕ್ಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ: ಒಂದು ರಾತ್ರಿಗೆ ಒಂದು ಅಂಕ, ಸೂಟ್ ಎಂಬ ದೊಡ್ಡ, ದುಬಾರಿ ದರ್ಜೆಯ ಕೋಣೆಯಾದರೆ ಎರಡು. 3 ಅಂಕಕ್ಕೆ ಗೋಲ್ಡ್, 30ಕ್ಕೆ ಪ್ಲಾಟಿನಂ, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಾಕಲ್. ಸಿಂಗಪುರದಿಂದ ಹೊರಡುವ ನಾಲ್ಕು ರಾತ್ರಿಯ ಪ್ರಯಾಣವನ್ನೇ ಮಾಡುತ್ತ ಹೋದರೆ ಡೈಮಂಡ್ ಮುಟ್ಟಲು ಇಪ್ಪತ್ತು ಸಲ ಹೋಗಬೇಕಾಗುತ್ತದೆ; ಅಲಾಸ್ಕದಂಥ ಏಳು ರಾತ್ರಿಯ ಪ್ರಯಾಣವಾದರೆ ಹನ್ನೆರಡು ಸಾಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಹೋಗಿಬರುವ ಕುಟುಂಬಗಳು ಮೇಲಿನ ಶ್ರೇಣಿಯ ಆಸೆಗೆ ಹೆಚ್ಚು ಹಣ ಸುರಿಯುವುದು ತರವಲ್ಲವೆಂದೇ ನನ್ನ ಅಭಿಪ್ರಾಯ. ಬದಲಾಗಿ, ಒಂದೇ ಕಂಪನಿಯನ್ನು ಹಿಡಿದರೆ ಕೆಳಗಿನ ಎರಡು ಮೂರು ಶ್ರೇಣಿಗಳ ಸೌಲಭ್ಯ ತಾನಾಗಿ ದಕ್ಕುತ್ತದೆ.

ಒಂದೇ ಕಂಪನಿ ಎಂಬ ಮಾತಿನಲ್ಲೂ ಒಂದು ಸೂಕ್ಷ್ಮವಿದೆ. ಅಂಕಗಳು ಹಡಗಿನ ಜೊತೆ ಹೋಗುವುದಿಲ್ಲ, ಕಂಪನಿಯ ಜೊತೆ ಹೋಗುತ್ತವೆ. 2021ರಲ್ಲಿ ಮುಂಬೈಯಿಂದ ಪ್ರಯಾಣ ಆರಂಭಿಸಿದ ಕಾರ್ಡೇಲಿಯಾ ಎಂಬ ಭಾರತದ ಕಂಪನಿಯವರ ಎಂಪ್ರೆಸ್ ಹಡಗು ಹಿಂದೆ ರಾಯಲ್ ಕೆರಿಬಿಯನ್‌ನವರದೇ ಆಗಿತ್ತು. ಆದರೂ ಅದರಲ್ಲಿ ಗೋವಾಕ್ಕೋ ಲಕ್ಷದ್ವೀಪಕ್ಕೋ ಹೋಗಿಬಂದವರಿಗೆ ರಾಯಲ್ ಕೆರಿಬಿಯನ್ ಅಂಕ ಬರುವುದಿಲ್ಲ. ಮಾಲೀಕರು ಒಬ್ಬರೇ ಆಗಿದ್ದರೂ ಕ್ಲಬ್ಬುಗಳು ಬೇರೆಯಾಗಿರಬಹುದು: ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ಕೋಸ್ಟಾ, ಕ್ಯುನಾರ್ಡ್ ಈ ನಾಲ್ಕೂ ಕಾರ್ನಿವಲ್ ಕಾರ್ಪೊರೇಷನ್ನಿನವು, ಆದರೆ ಒಂದೊಂದರ ಅಂಕದ ಖಾತೆಯೂ ಪ್ರತ್ಯೇಕ. ಇದಕ್ಕೆ ವ್ಯತಿರಿಕ್ತವಾಗಿ ಒಂದೇ ಒಡೆತನದ ರಾಯಲ್ ಕೆರಿಬಿಯನ್, ಸೆಲೆಬ್ರಿಟಿ, ಸಿಲ್ವರ್‌ಸೀ ಈ ಮೂರರ ನಡುವೆ, ಒಂದರಲ್ಲಿ ಪಡೆದ ಶ್ರೇಣಿಗೆ ಸಮನಾದ ಶ್ರೇಣಿಯನ್ನು ಉಳಿದೆರಡರಲ್ಲೂ ಕೊಡುವ ಏರ್ಪಾಟು 2024ರಿಂದ ಇದೆ.

ಕೂಟದ ಸಂಜೆ

ಇನ್ನು ಕಾಕ್‌ಟೇಲ್ ಕೂಟ. ಒಮ್ಮೆ ಬಂದವರನ್ನೆಲ್ಲ ಕರೆಯುವ ಹಡಗುಗಳಿವೆ, ಮೇಲಿನ ಶ್ರೇಣಿಯವರನ್ನು ಮಾತ್ರ ಕರೆಯುವವೂ ಇವೆ. ಮೂರು ನಾಲ್ಕು ರಾತ್ರಿಯ ಪ್ರಯಾಣದಲ್ಲಿ ಬಹಳಷ್ಟು ಸಲ ಕೂಟವೇ ಇರುವುದಿಲ್ಲ. ಎರಡು ದಿನವಾದರೂ ಕಾರ್ಡು ಬಾರದಿದ್ದರೆ ಸಂಕೋಚವಿಲ್ಲದೆ ಹೋಗಿ ಕೇಳಬೇಕು. ಸಾಮಾನ್ಯವಾಗಿ ರಾತ್ರಿ ಊಟಕ್ಕೆ ಮೊದಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ನಡೆಯುತ್ತದೆ. ಬೇಗ ಊಟ ಮಾಡುವ ಪಂಕ್ತಿ, ತಡವಾಗಿ ಮಾಡುವ ಪಂಕ್ತಿ ಎಂದು ಇರುವ ಹಡಗಿನಲ್ಲಿ ನಿಮ್ಮ ಊಟದ ವೇಳೆಗೆ ಅಡ್ಡಬರುತ್ತದೆಯೋ ಎಂದು ಕಾರ್ಡು ಕೈಗೆ ಬಂದಾಗಲೇ ನೋಡಿಕೊಂಡು, ಅಡ್ಡಬಂದರೆ ಊಟದ ವೇಳೆ ಬದಲಾಯಿಸಿಕೊಳ್ಳಬೇಕು. ಹತ್ತು ನಿಮಿಷ ಮೊದಲು ಹೋದವರಿಗೆ ಕೂರಲು ಜಾಗ ಸಿಗುತ್ತದೆ. ಮಂಡಿನೋವಿನ ಹಿರಿಯರಿಗೆ ಇದು ಮುಖ್ಯ.

ಉಡುಪಿನ ಬಗ್ಗೆ ಚಿಂತೆ ಬೇಡ. ರೇಷ್ಮೆ ಸೀರೆ ಎಂಥ ಔಪಚಾರಿಕ ಸಂಜೆಗೂ ಸಲ್ಲುತ್ತದೆ, ಗಂಡಸರು ಉದ್ದ ತೋಳಿನ ಅಂಗಿ, ಪ್ಯಾಂಟು, ಶೂ ಹಾಕಿದರೆ ಆಯಿತು. ಎ.ಸಿ. ಬಹಳ ತಣ್ಣಗಿರುವುದರಿಂದ ಒಂದು ಶಾಲು ಕೈಯಲ್ಲಿರಲಿ. ಕ್ಯಾಪ್ಟನ್ ಬಾಗಿಲಲ್ಲಿ ನಿಂತಿದ್ದರೆ ಕೈ ಕುಲುಕಲು ಮುಂದಾಗಬೇಡಿ, ಸೋಂಕು ಹರಡಬಾರದೆಂದು ಹಲವು ಹಡಗುಗಳಲ್ಲಿ ಅದನ್ನು ಬಿಟ್ಟಿದ್ದಾರೆ. ಕೈ ಮುಗಿದು ನಮಸ್ಕಾರ ಮಾಡಿದರೆ ಅವರೂ ಕೈ ಮುಗಿಯುತ್ತಾರೆ.

ಪಕ್ಕದ ಮನೆಯವರು ಸಿಂಗಪುರಕ್ಕೆ ಹೊರಡುವ ಮುಂಚೆ ನನ್ನನ್ನು ಕೇಳಿದ್ದು ಇದನ್ನೇ: ‘ಅಕ್ಕಾ, ನಮ್ಮನೇಲಿ ಯಾರೂ ಕುಡಿಯಲ್ಲ, ಅಲ್ಲಿಗೆ ಹೋಗಿ ನಾವೇನು ಮಾಡೋದು?’ ಕುಡಿಯದವರೂ ಧಾರಾಳವಾಗಿ ಹೋಗಬಹುದು. ಆದರೆ ತಟ್ಟೆಯಿಂದ ಲೋಟವನ್ನು ತಾವೇ ಎತ್ತಿಕೊಳ್ಳಬಾರದು. ಸಾಲಾಗಿ ಜೋಡಿಸಿ ತರುವ ಲೋಟಗಳಲ್ಲಿ ರಮ್ ಬೆರೆಸಿದ ಹಣ್ಣಿನ ಪಂಚ್ ಮತ್ತು ಬರಿಯ ಹಣ್ಣಿನ ಪಂಚ್ ಎರಡೂ ಒಂದೇ ಕಿತ್ತಳೆಗೆಂಪು ಬಣ್ಣದವು, ಎರಡಕ್ಕೂ ಅಂಚಿಗೆ ಅನಾನಸ್ ಹೋಳೊಂದನ್ನು ಸಿಕ್ಕಿಸಿರುತ್ತಾರೆ. ಷಾಂಪೇನ್‌ಗೆ ಕಿತ್ತಳೆ ರಸ ಸೇರಿಸಿದ ಮಿಮೋಸಾ ಕೂಡ ದೂರದಿಂದ ಬರಿಯ ಕಿತ್ತಳೆ ರಸದಂತೆಯೇ ಕಾಣುತ್ತದೆ. ತಂದವರನ್ನು ನಿಲ್ಲಿಸಿ ‘ನೋ ಆಲ್ಕೋಹಾಲ್’ ಎಂದು ಸ್ಪಷ್ಟವಾಗಿ ಹೇಳಿದರೆ ಬೇರೆ ಲೋಟ ತಂದುಕೊಡುತ್ತಾರೆ. ತಿಂಡಿಯ ತಟ್ಟೆಯಲ್ಲೂ ಇದೇ ಎಚ್ಚರ ಬೇಕು. ಬ್ರೆಡ್ಡಿನ ಬಿಲ್ಲೆಗಳ ಮೇಲಿನ ತೆಳು ಕಿತ್ತಳೆ ಬಣ್ಣದ ಪದರ ಸಾಮಾನ್ಯವಾಗಿ ಸಾಲ್ಮನ್ ಮೀನು, ಕಪ್ಪು ಸಾಸಿವೆಯಂತೆ ಕಾಣುವುದು ಮೀನಿನ ಮೊಟ್ಟೆ. ‘ವೆಜಿಟೇರಿಯನ್’ ಎಂದಷ್ಟೇ ಹೇಳದೆ ಮಾಂಸ, ಮೀನು, ಮೊಟ್ಟೆ ಮೂರನ್ನೂ ಹೆಸರಿಸಿ ಬೇಡವೆನ್ನಬೇಕು.

ಕೂಟದಲ್ಲಿ ಕ್ಯಾಪ್ಟನ್ ನಾಲ್ಕು ಮಾತಾಡಿ ಅಧಿಕಾರಿಗಳನ್ನು ಪರಿಚಯಿಸುತ್ತಾರೆ, ಯಾವ ಶ್ರೇಣಿಯವರು ಎಷ್ಟು ಜನ ಹಡಗಿನಲ್ಲಿದ್ದಾರೆಂದು ಹೇಳುತ್ತಾರೆ. ಪ್ರಿನ್ಸೆಸ್ ಹಡಗುಗಳಲ್ಲಿ ಅತಿ ಹೆಚ್ಚು ದಿನ ಪ್ರಯಾಣಿಸಿದವರನ್ನು ವೇದಿಕೆಗೆ ಕರೆದು ಗೌರವಿಸುವ ಪದ್ಧತಿಯಿದೆ. ಹಾಲೆಂಡ್ ಅಮೆರಿಕದವರು ಸಮುದ್ರದಲ್ಲಿ ಕಳೆದ ದಿನಗಳನ್ನು ಎಣಿಸಿ ಪದಕ ಕೊಡುತ್ತಾರೆ. ನೂರಾರು ರಾತ್ರಿ ಸಮುದ್ರದಲ್ಲಿ ಕಳೆದ ಎಂಬತ್ತರ ಅಜ್ಜಿಯೊಬ್ಬರು ಕೋಲೂರಿಕೊಂಡು ಎದ್ದು ನಿಂತಾಗ ಇಡೀ ಸಭಾಂಗಣ ಚಪ್ಪಾಳೆ ತಟ್ಟಿದ್ದು ನನಗೆ ಬಹಳ ಹಿಡಿಸಿತು. ಮನೆಯಿಂದ ಹೊರಬೀಳಲು ವಯಸ್ಸು ಮೀರಿತೆಂದು ಕೂತಿರುವ ನಮ್ಮೂರಿನ ಹೆಂಗಸರು ಅದನ್ನೊಮ್ಮೆ ನೋಡಬೇಕು.

ಉಳಿದ ಸೌಲಭ್ಯಗಳು

ಕೂಟದಲ್ಲಿ ಕೊಡುವ ಪಾನೀಯಕ್ಕೆ ಹಣವಿಲ್ಲ, ಅದೇ ಪಾನೀಯವನ್ನು ಅರ್ಧ ಗಂಟೆಯ ನಂತರ ಬಾರಿನಲ್ಲಿ ಕೇಳಿದರೆ ಬಿಲ್ ಬರುತ್ತದೆ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಅದರ ಮೇಲೆ ಶೇ 18ರಷ್ಟು ಸೇವಾ ಶುಲ್ಕವೂ ಸೇರುತ್ತದೆ. ಡೈಮಂಡ್ ಶ್ರೇಣಿಯವರಿಗೆ ಆ ಕಂಪನಿ ದಿನಕ್ಕೆ ನಾಲ್ಕು ಪಾನೀಯಗಳನ್ನು, ಕೋಣೆಯ ಬೀಗಕ್ಕೂ ಹಡಗಿನ ಖರ್ಚಿಗೂ ಬಳಸುವ ಪ್ರಯಾಣಿಕರ ಕಾರ್ಡಿಗೇ ತುಂಬಿಕೊಡುತ್ತದೆ. ಮದ್ಯ ಬೇಡದವರು ಅದನ್ನೇ ಹಣ್ಣಿನ ರಸಕ್ಕೋ ವಿಶೇಷ ಕಾಫಿಗೋ ಬಳಸಬಹುದು. ಅಂದಿನದು ಅಂದಿಗೇ ಮುಗಿಯುತ್ತದೆ, ನಾಳೆಗೆ ಉಳಿಯುವುದಿಲ್ಲ, ಇನ್ನೊಬ್ಬರಿಗೆ ಕೊಡುವಂತೆಯೂ ಇಲ್ಲ.

ನನ್ನ ದೃಷ್ಟಿಯಲ್ಲಿ ಪಾನೀಯಕ್ಕಿಂತ ಬೆಲೆಯುಳ್ಳದ್ದು ಬಟ್ಟೆ ಒಗೆಸುವ ಸೌಲಭ್ಯ. ಪ್ರಿನ್ಸೆಸ್‌ನ ಎಲೀಟ್ ಶ್ರೇಣಿಯವರಿಗೂ ಹಾಲೆಂಡ್ ಅಮೆರಿಕದ ನಾಲ್ಕು ಮತ್ತು ಐದು ನಕ್ಷತ್ರದ ಶ್ರೇಣಿಯವರಿಗೂ ಬಟ್ಟೆ ಒಗೆದುಕೊಡುವುದು ಉಚಿತ. ಎರಡು ವಾರದ ಪ್ರಯಾಣದಲ್ಲಿ ಇದರಿಂದ ಒಂದು ಸೂಟ್‌ಕೇಸೇ ಕಡಿಮೆಯಾಗುತ್ತದೆ. ಸಾಲಿನಲ್ಲಿ ನಿಲ್ಲದೆ ಹಡಗು ಹತ್ತುವುದು, ಇಂಟರ್‌ನೆಟ್‌ನಲ್ಲಿ ರಿಯಾಯಿತಿ, ಸಣ್ಣ ಕಾಣಿಕೆ ಇವೆಲ್ಲ ಶ್ರೇಣಿಯಂತೆ ಬರುತ್ತವೆ. ಪಟ್ಟಿಯನ್ನು ಆ್ಯಪ್‌ನಲ್ಲಿ ನೋಡಿಕೊಂಡರೆ ಸಾಕು.

ಒಂದೆರಡು ಕಡೆ ಮಾತ್ರ ಕೈ ಬಿಗಿ ಹಿಡಿಯಬೇಕು. ಹಡಗಿನ ಖರ್ಚಿಗೆಂದು ಖಾತೆಗೆ ಹಾಕಿಕೊಡುವ ಕ್ರೆಡಿಟ್ ಬಹುತೇಕ ನಗದಾಗಿ ವಾಪಸು ಬರುವುದಿಲ್ಲ, ಆದ್ದರಿಂದ ಕೊನೆಯ ರಾತ್ರಿಗೆ ಮೊದಲೇ ಬಳಸಿ ಮುಗಿಸಬೇಕು. ಕೂಟದಲ್ಲಿ ಮುಂದಿನ ಪ್ರಯಾಣ ಮಾರುವ ಸಿಬ್ಬಂದಿಯೂ ಇರುತ್ತಾರೆ. ಅಲ್ಲೇ ಮುಂಗಡ ಕಟ್ಟಿದರೆ ಹೆಚ್ಚುವರಿ ಕ್ರೆಡಿಟ್ ಸಿಗುವುದು ನಿಜ. ಆದರೆ ಆ ಮುಂಗಡ ವಾಪಸು ಬರುವಂಥದ್ದೋ ಅಲ್ಲವೋ, ಎಷ್ಟು ದಿನದೊಳಗೆ ದಿನಾಂಕ ನಿಗದಿ ಮಾಡಬೇಕು ಎಂಬೆರಡನ್ನೂ ಬರಹದಲ್ಲಿ ಪಡೆಯದೆ ಹಣ ಕಟ್ಟಲು ಬ್ಯಾಂಕಿನ ಕಾರ್ಡು ಕೊಡಬಾರದು. ಮಕ್ಕಳ ರಜೆ, ವೀಸಾ, ನಮ್ಮ ಆರೋಗ್ಯ ಎಲ್ಲವೂ ಕೂಡಿಬಂದರೆ ಮಾತ್ರ ನಾವು ಹೊರಡುವವರು, ಹೀಗಾಗಿ ವಾಪಸು ಬಾರದ ಮುಂಗಡವನ್ನು ನಾನು ಕಟ್ಟುವುದಿಲ್ಲ.

ಇಳಿಯುವ ಮೊದಲು ಖಾತೆಯ ಅಂತಿಮ ಬಿಲ್ಲಿನ ಪ್ರತಿಯೊಂದನ್ನು ಕೇಳಿ ಪಡೆಯಿರಿ. ಊರಿಗೆ ಬಂದು ಎರಡು ಮೂರು ವಾರದ ಬಳಿಕ ಕ್ಲಬ್ಬಿನ ಖಾತೆ ತೆರೆದು, ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಹೊಸ ರಾತ್ರಿಗಳು ಸೇರಿವೆಯೇ ಎಂದು ಎಣಿಸಿ ನೋಡಬೇಕು. ಕಡಿಮೆ ಬಿದ್ದಿದ್ದರೆ ಬುಕಿಂಗ್ ಸಂಖ್ಯೆಯನ್ನು ಬರೆದು, ಬಿಲ್ಲಿನ ಫೋಟೊ ಲಗತ್ತಿಸಿ, ಕ್ಲಬ್ಬಿನ ಇ-ಮೇಲ್ ವಿಳಾಸಕ್ಕೆ ಕಳಿಸಬೇಕು. ಉತ್ತರ ಬರುವವರೆಗೆ ಲಗೇಜ್ ಚೀಟಿಯನ್ನೂ ಸೂಟ್‌ಕೇಸಿನ ಜೇಬಿನಲ್ಲೇ ಇರಗೊಡಬೇಕು.