ಸೈಕಲ್ಲಿನಲ್ಲಿ ‘ಟಕ್’ ಸದ್ದು: ಎಲ್ಲಿಂದ ಅಂತ ಹುಡುಕುವುದು ಹೇಗೆ?

ಎಡಗಾಲು ಪೆಡಲನ್ನು ಕೆಳಕ್ಕೆ ಒತ್ತಿದಾಗೆಲ್ಲ ಒಂದು ‘ಟಕ್’. ಬಲಗಾಲಿಗೆ ಇಲ್ಲ. ಒಂದು ಸುತ್ತಿಗೆ ಒಂದೇ ಸಲ. ನನ್ನ ಸೈಕಲ್ಲಿನಲ್ಲಿ ಈ ಸದ್ದು ಶುರುವಾದಾಗ ಅದು ಎಲ್ಲಿಂದ ಬರುತ್ತಿದೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಕಾಲ ಕೆಳಗಿನಿಂದಲೇ, ಎರಡೂ ಪೆಡಲ್‌ಗಳ ನಡುವಿನ ಬಾಟಮ್ ಬ್ರಾಕೆಟ್‌ನಿಂದಲೇ ಕೇಳಿಸುತ್ತಿತ್ತು. ಒಂದು ಭಾನುವಾರ ಪೂರ್ತಿ ಕೂತು ಅದನ್ನು ಬಿಚ್ಚಿದೆ. ಹಳೆ ಬಾಲ್ಸ್ ತೆಗೆದು ಹೊಸದು ಹಾಕಿದೆ, ಗ್ರೀಸ್ ತುಂಬಿದೆ, ಬಿಗಿ ಮಾಡಿದೆ. ಮರುದಿನ ಬೆಳಿಗ್ಗೆ ಗೇಟು ದಾಟುವಷ್ಟರಲ್ಲಿ ಮತ್ತೆ ಅದೇ ‘ಟಕ್’.

ಹತ್ತು ದಿನದ ಮೇಲೆ ಒಂದು ಏರಿನಲ್ಲಿ ಸೀಟು ಬಿಟ್ಟು ಎದ್ದು ನಿಂತು ತುಳಿದೆ. ಸದ್ದು ನಿಂತಿತು. ಕೂತೆ, ಬಂತು. ಎದ್ದೆ, ಹೋಯಿತು. ಮನೆಗೆ ಬಂದು ಸೀಟಿನ ಕಂಬವನ್ನು ಹೊರಗೆಳೆದೆ. ಅದರ ಮೈಮೇಲೆ ಒಣಗಿದ ಮಣ್ಣು, ಒಂದು ಕಡೆ ಹೊಳೆಯುವ ಉಜ್ಜಿದ ಗೆರೆ. ಒರೆಸಿ, ತೆಳ್ಳಗೆ ಗ್ರೀಸ್ ಸವರಿ ವಾಪಸ್ ಹಾಕಿದೆ. ಹದಿನೈದು ನಿಮಿಷದ ಕೆಲಸ. ‘ಟಕ್’ ಮತ್ತೆ ಬರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಕೆಲಸ ಸೈಕಲ್ ರಿಪೇರಿಯಲ್ಲಿ ತುಂಬಾ ನಡೆಯುತ್ತದೆ. ಕಾರಣ ಸರಳ. ಸೈಕಲ್ಲಿನ ಚೌಕಟ್ಟು ಅಂದರೆ ಟೊಳ್ಳು ಕೊಳವೆಗಳು. ಎಲ್ಲೋ ಒಂದು ಕಡೆ ಲೋಹಕ್ಕೆ ಲೋಹ ಉಜ್ಜಿದರೆ ಆ ಸದ್ದು ಕೊಳವೆಯ ತುಂಬಾ ಓಡಾಡುತ್ತದೆ. ತೆಳು ಗೋಡೆಯ ದಪ್ಪ ಅಲ್ಯೂಮಿನಿಯಂ ಕೊಳವೆಗಳಲ್ಲಂತೂ ಇನ್ನೂ ಜಾಸ್ತಿ. ಜೊತೆಗೆ, ಪೆಡಲ್ ತುಳಿಯುವಾಗ ನಮ್ಮ ಭಾರ ಸೀಟಿನ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತದೆ, ಕೈ ಹ್ಯಾಂಡಲ್ಲನ್ನು ಎಳೆಯುತ್ತದೆ. ಹಾಗಾಗಿ ಸೀಟಿನ ಸದ್ದೂ ಹ್ಯಾಂಡಲ್ಲಿನ ಸದ್ದೂ ಪೆಡಲ್ಲಿನ ತಾಳಕ್ಕೇ ಬರುತ್ತವೆ. ಎಲ್ಲಿಂದ ಕೇಳಿಸುತ್ತದೆ ಅನ್ನುವುದನ್ನು ನಂಬಬೇಡಿ. ಯಾವಾಗ ಕೇಳಿಸುತ್ತದೆ ಅನ್ನುವುದನ್ನು ನೋಡಿ. ಸ್ಪ್ಯಾನರ್ ಆಮೇಲೆ.

ಮೊದಲು ಅಲುಗಾಡುವ ಸಾಮಾನು

ಮುಂದಿನ ಚಕ್ರವನ್ನು ಒಂದು ಗೇಣು ಎತ್ತಿ ನೆಲಕ್ಕೆ ಬಿಡಿ. ಆಮೇಲೆ ಹಿಂದಿನದು. ‘ಗಡಗಡ’, ‘ಲೊಟಲೊಟ’ ಅಂತ ಬಂದರೆ ಯಾವುದೋ ನಟ್ಟು ಸಡಿಲ. ಮಡ್‌ಗಾರ್ಡ್, ಅದನ್ನು ಹಿಡಿದಿರುವ ಕಂಬಿ, ಕ್ಯಾರಿಯರ್, ಚೈನ್ ಕವರ್, ಸ್ಟ್ಯಾಂಡ್, ಬೆಲ್ಲು, ಬೀಗ, ಪಂಪು, ನೀರಿನ ಬಾಟಲಿಯ ಹಿಡಿ, ಎಲ್ಲವನ್ನೂ ಒಂದೊಂದಾಗಿ ಕೈಯಲ್ಲಿ ಹಿಡಿದು ಅಲುಗಾಡಿಸಿ.

ಸಣ್ಣ ಸಂಗತಿಗಳನ್ನೂ ಬಿಡಬೇಡಿ. ಟ್ಯೂಬಿನ ವಾಲ್ವ್‌ಗೆ ರಿಮ್ಮಿನ ಹತ್ತಿರ ಹಾಕುವ ನಟ್ಟು ಸಡಿಲವಾಗಿದ್ದರೆ ಪ್ರತಿ ಸುತ್ತಿಗೂ ಟಿಕ್ ಅನ್ನುತ್ತದೆ. ಕಡ್ಡಿಗೆ ಸಿಕ್ಕಿಸಿದ ರಿಫ್ಲೆಕ್ಟರ್ ಕೂಡ ಹಾಗೇ. ಶೂ ಲೇಸಿನ ತುದಿ ಕ್ರ್ಯಾಂಕಿಗೆ (ಪೆಡಲ್ ಕೂರುವ ತೋಳಿಗೆ) ತಾಗುತ್ತಿರಬಹುದು, ಬ್ರೇಕ್ ತಂತಿಯ ತುದಿ ಚೌಕಟ್ಟಿಗೆ ಬಡಿಯುತ್ತಿರಬಹುದು. ಬ್ಯಾಗು, ಕೀ ಗೊಂಚಲು, ಬೀಗ ಎಲ್ಲ ತೆಗೆದಿಟ್ಟು ಒಂದು ಸುತ್ತು ಹೋಗಿ ಬನ್ನಿ. ಅರ್ಧ ಜನರ ಹುಡುಕಾಟ ಇಲ್ಲೇ ಮುಗಿದುಬಿಡುತ್ತದೆ ಅಂತ ನನ್ನ ಅನಿಸಿಕೆ.

ಖಾಲಿ ರಸ್ತೆಯಲ್ಲಿ ಪರೀಕ್ಷೆ

ವಾಹನ ಇಲ್ಲದ, ಸಮತಟ್ಟಾದ, ಸದ್ದಿಲ್ಲದ ಜಾಗ ಹುಡುಕಿಕೊಳ್ಳಿ. ಸದ್ದು ಬರುವ ತನಕ ತುಳಿಯಿರಿ. ಬಂತಾ? ಈಗ ತುಳಿಯುವುದನ್ನು ನಿಲ್ಲಿಸಿ, ಸೈಕಲ್ಲನ್ನು ಸುಮ್ನೆ ಅದರ ಪಾಡಿಗೆ ಓಡಲು ಬಿಡಿ. ಸದ್ದು ನಿಂತರೆ ಅದು ಪೆಡಲ್, ಕ್ರ್ಯಾಂಕ್, ಬಾಟಮ್ ಬ್ರಾಕೆಟ್, ಚೈನು, ಸೀಟು, ಹ್ಯಾಂಡಲ್, ಇವುಗಳಲ್ಲಿ ಒಂದರದ್ದು. ನಿಲ್ಲದೆ ಚಕ್ರದ ಜೊತೆ ಬರುತ್ತಲೇ ಇದ್ದರೆ ಚಕ್ರ, ಬ್ರೇಕ್ ಅಥವಾ ಮಡ್‌ಗಾರ್ಡ್‌ನದ್ದು. (ಪೆಡಲ್ ನಿಲ್ಲಿಸಿದಾಗ ಹಿಂದಿನ ಚಕ್ರದಿಂದ ಬರುವ ‘ಟಿಕಿಟಿಕಿಟಿಕಿ’ ರೋಗ ಅಲ್ಲ. ಫ್ರೀವೀಲಿನ ಒಳಗೆ ಸ್ಪ್ರಿಂಗಿನ ಸಣ್ಣ ನಾಲಿಗೆಗಳು ಹಲ್ಲಿನ ಮೇಲೆ ಜಾರುವ ಸದ್ದು ಅದು.)

ಮುಂದಿನದು, ಎದ್ದು ನಿಂತು ತುಳಿಯಿರಿ. ಸದ್ದು ಹೋದರೆ ಸೀಟು ಅಥವಾ ಅದರ ಕಂಬ. ನಿಂತಾಗ ಜಾಸ್ತಿಯಾದರೆ ಹ್ಯಾಂಡಲ್ ಕಡೆಯೋ ಪೆಡಲ್ ಕಡೆಯೋ ಇರಬೇಕು. ಆಮೇಲೆ ಒಂದೇ ಕಾಲಿನಲ್ಲಿ ಬಲ ಹಾಕಿ ತುಳಿದು ನೋಡಿ, ಇನ್ನೊಂದು ಕಾಲು ಪೆಡಲ್ ಮೇಲೆ ಹಗುರವಾಗಿ ಇರಲಿ. ಒಂದು ಕಾಲಿಗೆ ಮಾತ್ರ ಬಂದರೆ ಆ ಕಡೆಯ ಪೆಡಲ್ಲನ್ನು ಮೊದಲು ನೋಡಬೇಕು. ಗೇರ್ ಇದ್ದರೆ ಗೇರ್ ಬದಲಿಸಿ. ಒಂದು ಗೇರಿನಲ್ಲಿ ಮಾತ್ರ ‘ಕರಕರ’ ಅಂದರೆ ಹಿಂದಿನ ಗೇರ್ ತಂತಿಯ ಬಿಗಿಯಲ್ಲಿ ವ್ಯತ್ಯಾಸವಾಗಿರುತ್ತದೆ. ತಂತಿಯ ತುದಿಯಲ್ಲಿರುವ ತಿರುಪನ್ನು ಕಾಲು ಸುತ್ತು ತಿರುಗಿಸಿ ನೋಡಿದರೆ ಸಾಕಾಗಬಹುದು.

ಸುತ್ತು ಎಣಿಸಿ

ನನಗೆ ಇಡೀ ಹುಡುಕಾಟದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಯಾವ ಸಲಕರಣೆಯೂ ಬೇಡ, ಎಣಿಸಲು ಬಂದರೆ ಸಾಕು.

ಒಂದು ಉದಾಹರಣೆ ತಗೊಳ್ಳೋಣ. ಮುಂದಿನ ಚೈನ್ ವೀಲಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು, ಚೈನಿಗೆ 112 ಕೊಂಡಿ ಅಂತ ಇಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ 44 ಹಲ್ಲು ಸಾಗಿತು. ಅಷ್ಟರಲ್ಲಿ ಹಿಂದಿನ ಚಕ್ರ 44 ಭಾಗಿಸು 18, ಅಂದರೆ ಹೆಚ್ಚುಕಡಿಮೆ ಎರಡೂವರೆ ಸುತ್ತು ತಿರುಗುತ್ತದೆ. ಚೈನಿನ ಲೆಕ್ಕ ಉಲ್ಟಾ. 112 ಕೊಂಡಿಯೂ ಒಂದು ಸಲ ಸುತ್ತಿ ಬರಬೇಕಾದರೆ ಪೆಡಲ್ಲೇ ಎರಡೂವರೆ ಸುತ್ತು ಹೊಡೆಯಬೇಕು.

ಈಗ ತುಳಿಯುತ್ತಾ, ಬಲಗಾಲು ಕೆಳಗೆ ಬಂದಾಗೆಲ್ಲ ಒಂದು, ಎರಡು ಅಂತ ಎಣಿಸಿ. ಪ್ರತಿ ಎಣಿಕೆಗೂ ಒಂದು ಸದ್ದು, ಅದೂ ಕಾಲು ಅದೇ ಜಾಗದಲ್ಲಿರುವಾಗ ಅಂದರೆ, ಪೆಡಲ್, ಕ್ರ್ಯಾಂಕ್, ಬಾಟಮ್ ಬ್ರಾಕೆಟ್, ಸೀಟು, ಹ್ಯಾಂಡಲ್. ಒಂದು ಎಣಿಕೆಯೊಳಗೆ ಎರಡು ಮೂರು ಸಲ ಬಂದರೆ ಚಕ್ರ, ಹಿಂದಿನದೋ ಮುಂದಿನದೋ. ಒಮ್ಮೆ ಎರಡನೇ ಎಣಿಕೆಗೆ, ಇನ್ನೊಮ್ಮೆ ಮೂರನೆಯದಕ್ಕೆ, ತಪ್ಪಿ ತಪ್ಪಿ ಬಂದ ಹಾಗೆ ಅನಿಸಿದರೆ ಚೈನಿನಲ್ಲಿ ಒಂದು ಕೊಂಡಿ ಬಿಗಿದುಕೊಂಡಿದೆ. ಅದು ತಾಳ ತಪ್ಪಿದ್ದಲ್ಲ, ಅದರ ತಾಳವೇ ಎರಡೂವರೆ ಸುತ್ತಿನದ್ದು. ನಿಮ್ಮ ಸೈಕಲ್ಲಿನ ಹಲ್ಲುಗಳನ್ನು ಎಣಿಸಿ ಇದೇ ಲೆಕ್ಕ ಹಾಕಿಕೊಳ್ಳಿ.

ಬಿಗಿದ ಕೊಂಡಿಯನ್ನು ಕಣ್ಣಲ್ಲೇ ಹಿಡಿಯಬಹುದು. ಗೇರ್ ಸೈಕಲ್ ಆದರೆ ಪೆಡಲ್ಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸುತ್ತಾ ಹಿಂದೆ ಕೆಳಗಿರುವ ಸಣ್ಣ ಗಾಲಿಗಳನ್ನೇ ನೋಡಿ. ಬಿಗಿದ ಕೊಂಡಿ ಅಲ್ಲಿ ಬಾಗದೆ ಒಮ್ಮೆ ಎಗರುತ್ತದೆ. ಆ ಜಾಗದಲ್ಲಿ ಚೈನನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಬಾಗಿಸಿ, ಒಂದು ಹನಿ ಎಣ್ಣೆ ಬಿಡಿ.

ಪೆಡಲ್ ಮತ್ತು ಕ್ರ್ಯಾಂಕ್

ಪೆಡಲ್ಲಿನ ಮರೆ (ತಿರುಪಿನ ಸುತ್ತುಗಳು, ಅಂದರೆ ಥ್ರೆಡ್) ಒಣಗಿದರೆ ‘ಟಕ್’ ಬರುವುದು ಸಾಮಾನ್ಯ. 15 ಮಿಲಿಮೀಟರ್ ಸ್ಪ್ಯಾನರಿನಲ್ಲಿ ಬಿಚ್ಚಿ, ಮರೆ ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಬಿಗಿ ಮಾಡಿ. ಆದರೆ ಜೋಕೆ, ಎಡ ಪೆಡಲ್ಲಿನ ಮರೆ ಉಲ್ಟಾ. ಇದು ಗೊತ್ತಿಲ್ಲದೆ ಜೋರು ಹಾಕಿ ಕ್ರ್ಯಾಂಕಿನ ಮರೆ ಹಾಳು ಮಾಡಿಕೊಂಡವರು ಬಹಳ. ನೆನಪಿಗೆ ಒಂದು ಉಪಾಯ: ಸ್ಪ್ಯಾನರಿನ ಹಿಡಿ ಮೇಲಕ್ಕಿರುವ ಹಾಗೆ ಹಾಕಿ. ಯಾವ ಕಡೆಯ ಪೆಡಲ್ಲೇ ಆಗಲಿ, ಹಿಡಿಯನ್ನು ಹಿಂದಿನ ಚಕ್ರದ ಕಡೆ ಎಳೆದರೆ ಸಡಿಲ, ಮುಂದಿನ ಚಕ್ರದ ಕಡೆ ಎಳೆದರೆ ಬಿಗಿ. ಹಾಕುವಾಗ ಮೊದಲ ಮೂರು ನಾಲ್ಕು ಸುತ್ತನ್ನು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಗ್ಗದಿದ್ದರೆ ಮರೆ ಓರೆ ಕೂತಿದೆ ಅಂತ ಅರ್ಥ.

ಕ್ರ್ಯಾಂಕ್ ಪರೀಕ್ಷೆಗೆ ಎರಡೂ ಕ್ರ್ಯಾಂಕನ್ನು ಎರಡು ಕೈಯಲ್ಲಿ ಹಿಡಿದು ಚೌಕಟ್ಟಿನ ಕಡೆಗೆ, ಹೊರಗೆ ಅಲುಗಾಡಿಸಿ. ಎರಡೂ ಒಟ್ಟಿಗೆ ಅಲುಗಿದರೆ ಬಾಟಮ್ ಬ್ರಾಕೆಟ್ ಸಡಿಲ. ಒಂದು ಮಾತ್ರ ಅಲುಗಿ ಇನ್ನೊಂದು ಗಟ್ಟಿ ಇದ್ದರೆ ಆ ಕ್ರ್ಯಾಂಕೇ ಸಡಿಲ. ಹಾಗೇನಾದರೂ ಕಂಡರೆ ಅದೇ ದಿನ ಬಿಗಿ ಮಾಡಿ. ಚೌಕ ಅಚ್ಚಿನ ಅಲ್ಯೂಮಿನಿಯಂ ಕ್ರ್ಯಾಂಕನ್ನು ಸಡಿಲವಿದ್ದಂತೆಯೇ ಓಡಿಸಿದರೆ ಅದರ ಚೌಕ ತೂತು ಸವೆದು ದೊಡ್ಡದಾಗುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ.

ಹಳೆ ಕಬ್ಬಿಣದ ಸೈಕಲ್ಲುಗಳಲ್ಲಿ ಕ್ರ್ಯಾಂಕನ್ನು ಹಿಡಿದಿರುವುದು ಕಾಟರ್ ಪಿನ್. ಅದು ಸವೆದರೆ ಸದ್ದಿನ ಜೊತೆ ಕಾಲಿಗೇ ಗೊತ್ತಾಗುತ್ತದೆ. ಪೆಡಲ್ ಒಂದು ಜಾಗದಲ್ಲಿ ‘ಲಟಕ್’ ಅಂತ ಚೂರು ಜಾರುತ್ತದೆ. ಬರೀ ನಟ್ಟು ಬಿಗಿ ಮಾಡಿದರೆ ಪ್ರಯೋಜನವಿಲ್ಲ. ಪಿನ್ನನ್ನು ಒಳಕ್ಕೆ ಬಡಿದು ಗಟ್ಟಿಯಾಗಿ ಕೂರಿಸಬೇಕು, ನಟ್ಟು ಅದನ್ನು ಅಲ್ಲೇ ಇರಿಸಲು ಅಷ್ಟೇ. ಬಡಿಯುವಾಗ ಕ್ರ್ಯಾಂಕಿನ ಕೆಳಗೆ ಗಟ್ಟಿ ಆಸರೆ ಇರಲಿ, ಇಲ್ಲದಿದ್ದರೆ ಏಟೆಲ್ಲ ಒಳಗಿನ ಬಾಲ್ಸ್‌ಗೆ ಬೀಳುತ್ತದೆ. ಗೇರ್ ಸೈಕಲ್ ಆಗಿದ್ದರೆ ಚೈನ್ ವೀಲನ್ನು ಕ್ರ್ಯಾಂಕಿಗೆ ಜೋಡಿಸಿರುವ ನಾಲ್ಕೈದು ಸಣ್ಣ ಬೋಲ್ಟುಗಳನ್ನೂ ನೋಡಿ.

ಇಷ್ಟೆಲ್ಲ ಮುಗಿದ ಮೇಲೆ ಮಾತ್ರ ಬಾಟಮ್ ಬ್ರಾಕೆಟ್ ಮುಟ್ಟಿ. ಚೈನನ್ನು ಚೈನ್ ವೀಲಿನಿಂದ ಇಳಿಸಿ ಕ್ರ್ಯಾಂಕನ್ನು ಬೆರಳಲ್ಲಿ ತಿರುಗಿಸಿ. ಒಳಗೆ ಮರಳು ಇದ್ದ ಹಾಗೆ ‘ಗರಗರ’ ಅಂತ ಕೈಗೆ ತಿಳಿದರೆ ಮಾತ್ರ ಅದನ್ನು ಬಿಚ್ಚುವ ಕಾರಣ ಇದೆ.

ಸೀಟು, ಹ್ಯಾಂಡಲ್

ಸೀಟಿನ ಕಂಬದ ಕಥೆ ಆಗಲೇ ಹೇಳಿದೆ. ಹೊರತೆಗೆಯುವ ಮೊದಲು ಎತ್ತರಕ್ಕೆ ಒಂದು ಟೇಪಿನ ಗುರುತು ಹಾಕಿಕೊಳ್ಳಿ. ಕಂಬದ ಮೇಲೆ ಕೆತ್ತಿರುವ ಕನಿಷ್ಠ ಆಳದ ಗೆರೆ ಚೌಕಟ್ಟಿನ ಒಳಗೇ ಇರಬೇಕು. ಕಂಬವೋ ಚೌಕಟ್ಟೋ ಕಾರ್ಬನ್‌ನದ್ದಾದರೆ ಗ್ರೀಸ್ ಬೇಡ, ಅದಕ್ಕೆಂದೇ ಇರುವ ಪೇಸ್ಟ್ ಬಳಸಿ. ಕಂಬ ಸರಿ ಇದ್ದೂ ಕಿರುಗುಟ್ಟಿದರೆ ಸೀಟಿನ ಅಡಿಯ ಎರಡು ಸರಳುಗಳನ್ನು ಹಿಡಿದಿರುವ ಕ್ಲಾಂಪ್ ಬಿಚ್ಚಿ ಒರೆಸಿ. ಸ್ಪ್ರಿಂಗ್ ಸೀಟಾದರೆ ಸ್ಪ್ರಿಂಗಿನ ಎರಡೂ ತುದಿಗೆ ಒಂದೊಂದು ಹನಿ ಎಣ್ಣೆ.

ಹ್ಯಾಂಡಲ್ಲಿಗೆ ಪಕ್ಕದಲ್ಲಿ ನಿಂತು ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ. ಇನ್ನೊಂದು ಕೈಯ ಬೆರಳು ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವೆ) ಮತ್ತು ಚೌಕಟ್ಟು ಕೂಡುವ ಸಂದಿನ ಮೇಲಿರಲಿ. ಬೆರಳ ಕೆಳಗೆ ‘ಟೊಕ್’ ಅಂತ ಅಲುಗಿದರೆ ಹೆಡ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸಡಿಲ. ಇದನ್ನು ತಡ ಮಾಡಬೇಡಿ, ಬ್ರೇಕ್ ಹಿಡಿದಾಗೆಲ್ಲ ಒಳಗೆ ಬಾಲ್ಸ್ ಕೂರುವ ಬಟ್ಟಲುಗಳು ಏಟು ತಿನ್ನುತ್ತಿರುತ್ತವೆ.

ಚಕ್ರದ ಕಡ್ಡಿ

ಅಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ಜೋಡಿಯಾಗಿ ಹಿಂಡುತ್ತಾ ಒಂದು ಸುತ್ತು ಬನ್ನಿ. ಸಡಿಲವಾದದ್ದು ಕೈಗೆ ತಕ್ಷಣ ಸಿಗುತ್ತದೆ. ಬೆರಳಲ್ಲಿ ಮೀಟಿದರೂ ಗೊತ್ತಾಗುತ್ತದೆ: ಬಿಗಿ ಕಡ್ಡಿ ‘ಟಿಣ್’ ಅನ್ನುತ್ತದೆ, ಸಡಿಲ ಕಡ್ಡಿ ಮಂಕಾಗಿ ಸದ್ದು ಮಾಡುತ್ತದೆ. ಹಿಂದಿನ ಚಕ್ರದಲ್ಲಿ ಎಡಬದಿಯ ಮತ್ತು ಬಲಬದಿಯ ಕಡ್ಡಿಗಳ ಬಿಗಿ ಬೇರೆ ಬೇರೆ ಇರಬಹುದು, ಅದಕ್ಕೇ ಒಂದೇ ಬದಿಯವನ್ನು ಒಂದಕ್ಕೊಂದು ಹೋಲಿಸಿ. ಎಲ್ಲ ಬಿಗಿ ಇದ್ದೂ ಟಿಕ್ ಟಿಕ್ ಬಂದರೆ ಕಡ್ಡಿಗೆ ಕಡ್ಡಿ ತಾಗುವ ಜಾಗಕ್ಕೆ ಚೂರೇ ಚೂರು ಎಣ್ಣೆ ಮುಟ್ಟಿಸಿ, ಜಾಸ್ತಿಯಾದದ್ದನ್ನು ಒರೆಸಿ.

ಕಿರುಚುವ ಚೈನು, ಬ್ರೇಕ್

ಮರಿಹಕ್ಕಿಗಳ ಹಾಗೆ ‘ಚೀಂವ್ ಚೀಂವ್’ ಅಂದರೆ ಚೈನು ಒಣಗಿದೆ. ಮೊದಲು ಬಟ್ಟೆಯಲ್ಲಿ ಕೊಳೆ ಒರೆಸಿ. ಆಮೇಲೆ ಪ್ರತಿ ಉರುಳೆಗೂ ಒಂದೊಂದು ಹನಿ ಎಣ್ಣೆ. ಸ್ವಲ್ಪ ಹೊತ್ತು ಬಿಟ್ಟು ಹೊರಮೈಯನ್ನು ಪೂರ್ತಿ ಒರೆಸಿಬಿಡಿ. ಎಣ್ಣೆ ಬೇಕಾದದ್ದು ಒಳಗೆ, ಹೊರಗೆ ಉಳಿದರೆ ದೂಳು ಹಿಡಿಯಲು ಅಷ್ಟೇ. ಗೇರ್ ಸೈಕಲ್ಲಾದರೆ ಅಳತೆಯನ್ನೂ ನೋಡಿ. ಹೊಸ ಚೈನಿನಲ್ಲಿ 24 ಕೊಂಡಿ ಸರಿಯಾಗಿ 12 ಇಂಚು. ಅದು ಒಂದೂವರೆ ಮಿಲಿಮೀಟರಿನಷ್ಟು ಉದ್ದವಾಗಿದ್ದರೆ ಚೈನು ಬದಲಿಸುವ ಹೊತ್ತಾಯಿತು.

ಬ್ರೇಕ್ ಹಿಡಿದಾಗ ‘ಕೀಚ್’ ಅಂದರೆ ರಿಮ್ಮನ್ನು ಚೆನ್ನಾಗಿ ಒರೆಸಿ, ಬ್ರೇಕ್ ರಬ್ಬರನ್ನು ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ. ಆಮೇಲೂ ಹೋಗದಿದ್ದರೆ ರಬ್ಬರಿನ ಮುಂದಿನ ತುದಿ ರಿಮ್ಮಿಗೆ ಮೊದಲು ತಾಗುವ ಹಾಗೆ ಚೂರು ಓರೆ ಮಾಡಿ. ಹಿಂದಿನ ತುದಿಗೆ ಒಂದು ದಪ್ಪ ಕಾಗದದ ಚೂರು ಇಟ್ಟು, ಬ್ರೇಕ್ ಒತ್ತಿ ಹಿಡಿದು, ನಟ್ಟು ಬಿಗಿ ಮಾಡಿದರೆ ಓರೆ ತಾನಾಗಿ ಬರುತ್ತದೆ. ರಿಮ್ಮಿಗಾಗಲಿ ಡಿಸ್ಕಿಗಾಗಲಿ ಎಣ್ಣೆ ಖಂಡಿತ ಬೇಡ. ಸದ್ದು ಹೋಗಬಹುದು, ಜೊತೆಗೆ ಬ್ರೇಕೂ ಹೋಗುತ್ತದೆ.

ಒಂದು ಸಲಕ್ಕೆ ಒಂದೇ

ಪೆಡಲ್, ಸೀಟು, ಚೈನು ಮೂರನ್ನೂ ಒಟ್ಟಿಗೆ ಸರಿಮಾಡಿ ಸದ್ದು ಹೋದರೆ ಖುಷಿಯೇ, ಅಲ್ವಾ? ಆದರೆ ಮೂರು ತಿಂಗಳಿಗೆ ಅದು ವಾಪಸ್ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕು. ಒಂದನ್ನು ಸರಿಮಾಡಿ, ಅದೇ ರಸ್ತೆಯಲ್ಲಿ ಅದೇ ರೀತಿ ತುಳಿದು ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಏನು ಮಾಡಿದಿರಿ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಎಲ್ಲ ನೋಡಿಯೂ ಸದ್ದು ಹೋಗದಿದ್ದರೆ ಚೌಕಟ್ಟನ್ನು ತೊಳೆದು ಒಣಗಿಸಿ, ಟಾರ್ಚ್ ಹಿಡಿದು ಬೆಸುಗೆಯ ಜಾಗಗಳನ್ನು ನೋಡಿ. ಬಾಟಮ್ ಬ್ರಾಕೆಟ್ ಸುತ್ತ, ಹ್ಯಾಂಡಲ್ ಕೆಳಗಿನ ಕೊಳವೆ, ಸೀಟಿನ ಕಂಬ ಹೋಗುವ ಬಾಯಿ, ಹಿಂದಿನ ಅಚ್ಚು ಕೂರುವ ಜಾಗ. ಕೂದಲೆಳೆಯಷ್ಟು ಗೆರೆ ಕಂಡರೆ ಅದರ ಮೇಲೆ ಉಗುರು ಎಳೆಯಿರಿ. ಬಣ್ಣದ ಗೀರೋ ಬಿರುಕೋ ಅಂತ ಅನುಮಾನ ಉಳಿದರೂ ಸಾಕು, ಆ ಸೈಕಲ್ ಹತ್ತಬೇಡಿ. ರಿಪೇರಿಯವರ ಹತ್ತಿರ ತಳ್ಳಿಕೊಂಡೇ ಹೋಗಿ ತೋರಿಸಿ.