ಲೋಕಲ್ ರೈಲಿನಲ್ಲಿ ಕಂಡದ್ದನ್ನು ಕನ್ನಡದಲ್ಲಿ ಬರೆಯುವುದು ಹೇಗೆ?

ಮುಂಬೈ ಲೋಕಲ್‌ನಲ್ಲಿ ಡೊಂಬಿವಲಿಯಿಂದ ದಾದರ್‌ಗೆ ದಿನಾ ಓಡಾಡುವವರು ‘ಬರೆಯಲು ಏನೂ ಇಲ್ಲ’ ಎಂದರೆ ನಾನು ನಂಬುವುದಿಲ್ಲ. ಮಾತಿಗೆ ಕೂತರೆ ಹೇಳಿ ಮುಗಿಯುವುದಿಲ್ಲ, ಪೆನ್ನು ಹಿಡಿದರೆ ಮಾತ್ರ ಕೈ ಓಡುವುದಿಲ್ಲ, ಅಲ್ವಾ? ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಇನ್ನೊಂದು ಹೆದರಿಕೆ: ‘ನನ್ನ ಕನ್ನಡ ಸರಿ ಇಲ್ಲ.’ ಮನೆಯಲ್ಲಿ ಆಡುವ ಕನ್ನಡ ಇದ್ದರೆ ಶುರು ಮಾಡಲು ಅಷ್ಟು ಸಾಕು.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲ್ ಆದರೂ ಸರಿ. ದಿನಕ್ಕೆ 15 ನಿಮಿಷ, ಆದಷ್ಟು ಒಂದೇ ಹೊತ್ತಿಗೆ.

ಆಮೇಲೆ, ಆ ದಿನ ಕಂಡ ಒಂದೇ ಒಂದು ಸಂಗತಿ ಹಿಡಿಯಿರಿ. ‘ಮುಂಬೈ ಜೀವನ’ ಎಂದು ಹೊರಟರೆ ಎರಡು ಸಾಲಿಗೆ ಸುಸ್ತಾಗುತ್ತದೆ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಅರ್ಧ ಕೂತ ಹೆಂಗಸನ್ನು ನೋಡಿ. ಒಂದು ಕಾಲು ದಾರಿಗೆ ಚಾಚಿದೆ. ತೊಡೆಯ ಮೇಲೆ ಮೆಂತ್ಯ ಸೊಪ್ಪಿನ ಕಟ್ಟು. ಥಾಣೆ ಬರುವಷ್ಟರಲ್ಲಿ ಎಲೆ ಬಿಡಿಸಿ ಮುಗಿದಿದೆ. ಅಷ್ಟನ್ನೇ ಬರೆಯಿರಿ. ಅವಳು ಕೂತದ್ದು ‘ಚೌಥಿ ಸೀಟ್’. ಅದನ್ನು ಹಾಗೇ ಬರೆಯಿರಿ, ಸುಮ್ನೆ ನಿಘಂಟು ಹುಡುಕಿ ಬೇರೆ ಪದ ತರಬೇಡಿ. ನಮ್ಮ ಕನ್ನಡ ಇಲ್ಲಿನ ಹಿಂದಿ, ಮರಾಠಿ ಜೊತೆ ಬಾಳುವ ಕನ್ನಡ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಬರೆಯುವಾಗ ನಡುವೆ ನಿಲ್ಲಬೇಡಿ. ‘ದ’ ಹಾಕಬೇಕೋ ‘ಧ’ ಹಾಕಬೇಕೋ ಅನ್ನುವುದು ನಾಳೆಯ ಕೆಲಸ.

ಮಾರನೇ ದಿನ ಗಟ್ಟಿಯಾಗಿ ಓದಿ. ನನಗೆ ಇದಕ್ಕಿಂತ ಜಾಸ್ತಿ ಕಲಿಸಿದ್ದು ಬೇರೆ ಯಾವುದೂ ಇಲ್ಲ. ಉಸಿರು ಸಾಲದೆ ಹೋದರೆ ಆ ವಾಕ್ಯ ಉದ್ದವಾಯಿತು ಎಂದರ್ಥ, ಎರಡು ಮಾಡಿ. ಬಾಯಿಗೆ ಬಾರದ ಪದ ಇದ್ದರೆ ಬದಲಿಸಿ. ನಾನು ಒಮ್ಮೆ ಹೀಗೆ ಬರೆದಿದ್ದೆ: ‘ಧಾರಾಕಾರ ಮಳೆಯಿಂದ ಜನಜೀವನ ಅಸ್ತವ್ಯಸ್ತವಾಯಿತು.’ ಓದಿದರೆ ಕಣ್ಣ ಮುಂದೆ ಏನೂ ಬರಲಿಲ್ಲ. ತಿದ್ದಿದ ಮೇಲೆ ಹೀಗಾಯಿತು: ‘ಕುರ್ಲಾದ ಹತ್ತಿರ ಗಾಡಿ ನಿಂತಿತು. ಬಾಗಿಲಲ್ಲಿದ್ದವನು ಚಪ್ಪಲಿ ಕಳಚಿ ಬ್ಯಾಗಿಗೆ ಹಾಕಿದ. ಹಳಿ ಕಾಣುತ್ತಿರಲಿಲ್ಲ.’ ಮಳೆ ಎಂಬ ಪದವೇ ಇಲ್ಲ, ಆದರೂ ಮಳೆ ಇದೆ.

ಓದುವುದನ್ನೂ ಬಿಡಬೇಡಿ. ದಿನಕ್ಕೆ ನಾಲ್ಕು ಪುಟವಾದರೂ ಕನ್ನಡ ಕಣ್ಣಿಗೆ ಬೀಳಲಿ. 1926ರಲ್ಲಿ ಶುರುವಾದ, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಂಥ ಕಡೆ ಕನ್ನಡ ಕಾರ್ಯಕ್ರಮ ಇದ್ದಾಗ ಹೋಗಿ ಕೂತುಕೊಳ್ಳಿ. ಒಳ್ಳೆಯ ಕನ್ನಡ ಕಿವಿಗೆ ಬಿದ್ದರೆ ಕೈಗೂ ಇಳಿಯುತ್ತದೆ. ಪಾಲಿಮರ್ ತಂತ್ರಜ್ಞರಾಗಿದ್ದ ಯಶವಂತ ಚಿತ್ತಾಲರು ಇದೇ ಮುಂಬೈಯಲ್ಲಿ ಕೆಲಸ ಮಾಡುತ್ತಾ ತಮ್ಮ ಹುಟ್ಟೂರು ಹನೇಹಳ್ಳಿಯನ್ನು ಕತೆಗಳಿಗೆ ತಂದರು. ಹೊಟ್ಟೆಪಾಡಿನ ಕೆಲಸ ಬರವಣಿಗೆಗೆ ಅಡ್ಡಿ ಎಂದು ಅನಿಸಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಕೊನೆಗೆ, ಬರೆದದ್ದನ್ನು ಒಬ್ಬರಿಗೆ ಓದಿ ಹೇಳಿ. ‘ಚೆನ್ನಾಗಿದೆ’ ಎನ್ನುವವರಿಗಿಂತ ಪ್ರಶ್ನೆ ಕೇಳುವವರು ಸಿಕ್ಕರೆ ಒಳ್ಳೆಯದು. ಮೆಂತ್ಯ ಸೊಪ್ಪಿನ ಹೆಂಗಸಿನ ಕತೆಯನ್ನು ನಾನು ಪಕ್ಕದ ಮನೆಯ ಅಕ್ಕನಿಗೆ ಓದಿ ಹೇಳಿದ್ದೆ. ಪೂರ್ತಿ ಕೇಳಿ ಅವರು ಕೇಳಿದರು: ‘ಬಿಡಿಸಿದ ಕಡ್ಡಿಯನ್ನೆಲ್ಲ ಅವಳು ಎಲ್ಲಿ ಹಾಕಿದಳು?’

ಮರುದಿನ ಅದನ್ನು ನೋಡಲೆಂದೇ ಅದೇ ಗಾಡಿ ಹತ್ತಿದೆ.